ಚಾಲು ಎಂದು ಬರೆದವನು ನಾನು

ಕೊರೊನಾ ಕಳೆದ ಎರಡನೆಯ ವರ್ಷ. ಆಗಲೂ ಈಗಿನ ಹಾಗೆ ನಾನು ಬಳ್ಳಾರಿಯ ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಬೋರ್ಡ್ ಪೇಂಟರ್. ಕುರುಗೋಡಿನಲ್ಲಿ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟವನು. ಬಿಟ್ಟ ಮೇಲೆ ಒಬ್ಬ ಹಿರಿಯ ಪೇಂಟರ್ ಹತ್ತಿರ ಸೇರಿ ಕನ್ನಡ, ತೆಲುಗು, ಇಂಗ್ಲಿಷ್ ಅಕ್ಷರ ಬರೆಯಲು ಕಲಿತೆ. ತೆಲುಗು ಮಾತಾಡಬಲ್ಲೆ, ಬರೆಯಬಲ್ಲೆ, ಓದಲು ಮಾತ್ರ ಬಾರದು. ಗಿರಾಕಿ ಚೀಟಿಯಲ್ಲಿ ಕೊಟ್ಟದ್ದನ್ನು ಚಿತ್ರ ತೆಗೆದ ಹಾಗೆ ನೋಡಿ ದೊಡ್ಡದು ಮಾಡುತ್ತೇನೆ, ಅಷ್ಟೇ. ಬರೆದ ಮೇಲೆ ತಪ್ಪು ಬಂತೆಂದು ಯಾರಾದರೂ ಜಗಳಕ್ಕೆ ಬಂದರೆ ನಮ್ಮ ಕಸುಬಿನವರೆಲ್ಲ ಹೇಳುವ ಉತ್ತರ ಒಂದೇ: 'ನೀವು ಕೊಟ್ಟಿದ್ದನ್ನ ಬರದೀವ್ರಿ.' ಈ ಉತ್ತರವನ್ನು ನಾನು ಅದೆಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಸಲ ಹೇಳಿದ್ದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಹೊತ್ತಿಗೆ ಕುಂಚದ ಕೆಲಸ ಹೆಚ್ಚುಕಡಿಮೆ ನಿಂತಿತ್ತು. ಫ್ಲೆಕ್ಸ್ ಮಷೀನು ಬಂದ ಮೇಲೆ ಕೈಬರಹದ ಬೋರ್ಡು ಯಾರಿಗೂ ಬೇಡ. ನಾನೂ ಫ್ಲೆಕ್ಸ್ ಹೊಡೆಸಿಕೊಡುತ್ತಿದ್ದೆ. ಹುಟ್ಟುಹಬ್ಬದವರ ಮುಖ, ಹಾರ, ಶುಭಾಶಯ. ಅಕ್ಷರಗಳನ್ನೆಲ್ಲ ಕಂಪ್ಯೂಟರೇ ಕೊಡುತ್ತಿತ್ತು. ಒಂದು ಕಾಲದಲ್ಲಿ ನನ್ನ 'ಬ' ನೋಡಿ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಈಗ ನನ್ನ ಅಕ್ಷರ ಹೇಗಿರುತ್ತದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಇದು ನನ್ನೊಳಗೆ ಎಷ್ಟು ಕುಟುಕುತ್ತಿತ್ತು ಎಂಬುದು ನನಗೂ ಆಮೇಲೆಯೇ ತಿಳಿದದ್ದು.

ನನ್ನ ತಂಗಿ ಸುಮಂಗಲಾ ನನಗಿಂತ ಬಹಳ ಚಿಕ್ಕವಳು. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದು ಡಿಪ್ಲೊಮಾ ಓದಿದಳು. ಬಳ್ಳಾರಿಯ ಒಂದು ಸಣ್ಣ ಕಂಪನಿ ಗಿರಣಿಗಳಿಗೆ ಕಂಪ್ಯೂಟರ್ ಅಳವಡಿಸುವ ಕೆಲಸ ಮಾಡುತ್ತಿತ್ತು. ಅಲ್ಲಿ ಸೇರಿ ಎರಡು ವರ್ಷ ಬೇರೆಯವರ ಹಿಂದೆ ವೈರು ಹಿಡಿದುಕೊಂಡು ತಿರುಗಿದ್ದಳು. ಆ ಸುಗ್ಗಿಗೆ ಮೊದಲ ಬಾರಿ ಒಂದು ಕೆಲಸವನ್ನು ಪೂರ್ತಿ ಅವಳ ಕೈಗೆ ಕೊಟ್ಟಿದ್ದರು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಡ್ರೈಯರ್. ಇದು ಸರಿಯಾದರೆ ಅವಳ ಕೆಲಸ ಕಾಯಂ ಎಂದು ಕಂಪನಿಯವರು ಹೇಳಿದ್ದರು.

ಡ್ರೈಯರ್ ಎಂದರೆ ಹಸಿ ಭತ್ತ ಒಣಗಿಸುವ ಎತ್ತರದ ತಗಡಿನ ಗೂಡು. ಈಗ ಕಟಾವು ಮಷೀನಿನಲ್ಲಿ ಕೊಯ್ದ ಭತ್ತ ಹೊಲದಿಂದ ನೇರ ಮಿಲ್ಲಿಗೆ ಬರುತ್ತದೆ. ಅದರಲ್ಲಿ ನೀರಿನ ಅಂಶ ಬಹಳ. ಗೂಡಿನೊಳಕ್ಕೆ ಬ್ಲೋವರ್ ಬಿಸಿಗಾಳಿ ಊದುತ್ತಲೇ ಇರಬೇಕು. ನಡುವೆ ಗಾಳಿ ನಿಂತರೆ ಹಸಿ ಭತ್ತ ತನ್ನಷ್ಟಕ್ಕೆ ತಾನೇ ಕುದಿಯತೊಡಗುತ್ತದೆ. ಹುಳಿ ವಾಸನೆ ಬಂದು ಅಕ್ಕಿ ಹಳದಿಯಾಗುತ್ತದೆ. ಹೆಚ್ಚು ಒಣಗಿದರೂ ಕಷ್ಟ, ಗಿರಣಿಗೆ ಹಾಕಿದಾಗ ಒಡೆದು ನುಚ್ಚಾಗುತ್ತದೆ. ಹದ ನೋಡಿ ಬ್ಲೋವರ್ ನಡೆಸುವ, ಒಣಗಿದ ಮೇಲೆ ನಿಲ್ಲಿಸುವ ಕೆಲಸವನ್ನು ಸುಮಂಗಲಾ ಒಂದು ಪುಟ್ಟ ಕಂಪ್ಯೂಟರಿಗೆ ಕಲಿಸಿದ್ದಳು. ಬೇಕಾದರೆ ಕೈಯಿಂದಲೂ ಆರಿಸಲು ಪಕ್ಕದಲ್ಲೊಂದು ಸ್ವಿಚ್ ಉಳಿಸಿದ್ದಳು.

ಒಂದು ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಅಣ್ಣಾ, ನಿನಗೊಂದು ಬರಿಯೋ ಕೆಲಸ ತಂದೀನಿ. ಗೋಡಿ ಇಲ್ಲ, ತಗಡಿಲ್ಲ, ಬಣ್ಣದ ಡಬ್ಬಿನೂ ಬ್ಯಾಡ."

"ಮತ್ತ ಗಾಳ್ಯಾಗ ಬರೀಲೇನು?"

"ಕರಿ ಪರದಿ ಮ್ಯಾಲ. ಬಣ್ಣ ಮಾತ್ರ ಭಾರಿ ಅದಾವ ನೋಡು, ತೊಳಿಯೋದೂ ಬ್ಯಾಡ ಒಣಗಿಸೋದೂ ಬ್ಯಾಡ."

ಅವಳು ಹೇಳಿದ್ದು ಇದು. ಮಿಲ್ಲಿನ ಕಂಪ್ಯೂಟರಿನಲ್ಲಿ ನಾವು ನೋಡುವಂಥ ಚಿತ್ರ, ಕಿಟಕಿ, ಬಾಣ ಯಾವುದೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಅಕ್ಷರ, ಅಷ್ಟೇ. ಅದಕ್ಕೆ ಟರ್ಮಿನಲ್ ಎನ್ನುತ್ತಾರೆ. ಏನು ಕೇಳುವುದಿದ್ದರೂ ಟೈಪ್ ಮಾಡಿ ಕೇಳಬೇಕು, ಉತ್ತರವೂ ಅಕ್ಷರದಲ್ಲೇ ಬರುತ್ತದೆ. ಪರದೆಯಲ್ಲಿ ಅಡ್ಡಕ್ಕೆ ಎಂಬತ್ತು ಮನೆ, ಉದ್ದಕ್ಕೆ ಇಪ್ಪತ್ತೈದು ಸಾಲು. ಮನೆಗೊಂದು ಇಂಗ್ಲಿಷ್ ಅಕ್ಷರ ಸರಿಯಾಗಿ ಕೂರುತ್ತದೆ. ಕನ್ನಡದ ಗುಣಿತ, ಒತ್ತು ಆ ಮನೆಗಳಲ್ಲಿ ಕೂರುವುದಿಲ್ಲ. ಮಿಲ್ಲಿನ ಆಪರೇಟರುಗಳು ಭತ್ತ ಸುರಿಯುವ ಗುಂಡಿಯ ಹತ್ತಿರ ಧೂಳಿನಲ್ಲಿ ನಿಂತಿರುತ್ತಾರೆ. ಅಲ್ಲಿಂದ ಅವರಿಗೆ ಪರದೆಯ ಸಣ್ಣ ಇಂಗ್ಲಿಷ್ ಕಾಣುವುದಿಲ್ಲ, ಕಂಡರೂ ಓದಲು ಬಾರದು. ಅವರಿಗೆ ಅಂಗಳದ ಆ ಬದಿಯಿಂದಲೇ ತಿಳಿಯುವ ಹಾಗೆ ಪರದೆ ತುಂಬ ಬಣ್ಣದ ಕನ್ನಡ ಅಕ್ಷರ ಬೇಕು. ಇಂಗ್ಲಿಷ್ ಅಕ್ಷರಗಳನ್ನು ಹಾಗೆ ದೊಡ್ಡದು ಮಾಡಿಕೊಡುವ ಸಿದ್ಧ ಪ್ರೋಗ್ರಾಂ ಇದೆಯಂತೆ. ಇಂಥ ಬರಹಕ್ಕೆ ಬ್ಯಾನರ್ ಎಂದೇ ಹೆಸರು. ಕನ್ನಡಕ್ಕೆ ಅಂಥದ್ದು ಅವಳಿಗೆ ಸಿಕ್ಕಿರಲಿಲ್ಲ.

"ಒಂದು ಮನಿ ಪೂರ್ತಿ ತುಂಬೋ ಚೌಕದ ಗುರುತು ಐತಿ ಅಣ್ಣಾ. ಇಟ್ಟಿಗಿ ಇದ್ದಂಗ. ಇಟ್ಟಿಗಿ ಜೋಡಿಸಿ ಅಕ್ಷರ ಕಟ್ಟಬೇಕು. ಅದು ನನ್ನ ಕೈಲಿ ಆಗಂಗಿಲ್ಲ. ನಾ ಬರದ 'ಅ' ನೋಡಿ ಆಫೀಸಿನವರು ಆಮೆ ಬರದೀಯೇನು ಅಂದ್ರು."

ನಾನು ನಕ್ಕೆ. ನಗುವಾಗಲೇ ಒಳಗೆ ಏನೋ ಎದ್ದು ಕೂತಿತು. ನನ್ನ ಕೈ ಬೇಕೆಂದು ಒಬ್ಬರು ಬಂದು ಎಷ್ಟೋ ದಿನವಾಗಿತ್ತು.

ಚೌಕಳಿ ಹಾಳೆ ತಂದು ಕೂತೆ. ಪೇಂಟರ್ ಆದವನಿಗೆ ಚೌಕಳಿ ಹೊಸದಲ್ಲ, ಗೋಡೆಯ ಮೇಲೆ ದೊಡ್ಡ ಅಕ್ಷರ ಎತ್ತುವಾಗ ನಾವು ದಾರ ಹಿಡಿದು ಚೌಕ ಹಾಕುತ್ತೇವೆ. ಆದರೆ ಹಾಳೆಯ ಮೇಲೆ ದುಂಡಗೆ ಕೂತ ನನ್ನ ಮೊದಲ 'ಅ' ಪರದೆಗೆ ಹೋದಾಗ ಜ್ವರದಿಂದ ಎದ್ದವನ ಹಾಗೆ ಉದ್ದಕ್ಕೆ ಸೊರಗಿ ನಿಂತಿತು. ಟರ್ಮಿನಲ್ಲಿನ ಮನೆ ಚೌಕವಲ್ಲ, ಅಗಲಕ್ಕಿಂತ ಎತ್ತರ ಸುಮಾರು ಎರಡರಷ್ಟು ಎಂದು ಆಗ ತಿಳಿಯಿತು. ಒಂದು ಚೌಕಕ್ಕೆ ಎರಡು ಇಟ್ಟಿಗೆ ಅಕ್ಕಪಕ್ಕ ಇಟ್ಟೆ. ಅಕ್ಷರ ಮೈ ತುಂಬಿಕೊಂಡಿತು.

ಬಣ್ಣ ಹಚ್ಚುವುದು ಇನ್ನೂ ವಿಚಿತ್ರ. ಇಟ್ಟಿಗೆಯ ಮುಂದೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿ ಮೂವತ್ತೊಂದು ಎಂದರೆ ಕೆಂಪು, ಮೂವತ್ತೆರಡು ಹಸಿರು, ಮೂವತ್ತಮೂರು ಹಳದಿ. ಕೊನೆಗೆ ಸೊನ್ನೆ ಬರೆದು ಬಣ್ಣ ಮುಚ್ಚಬೇಕು. ಮರೆತರೆ ಮುಂದಿನ ಸಾಲೆಲ್ಲ ಅದೇ ಬಣ್ಣಕ್ಕೆ ಬೀಳುತ್ತದೆ, ತೊಳೆಯದ ಕುಂಚವನ್ನು ಇನ್ನೊಂದು ಡಬ್ಬಿಗೆ ಅದ್ದಿದ ಹಾಗೆ. ಆ ವಾರ ನಾನು ಫ್ಲೆಕ್ಸ್ ಗಿರಾಕಿಗಳಿಗೆ ಸರಿಯಾಗಿ ಉತ್ತರ ಕೊಟ್ಟ ನೆನಪಿಲ್ಲ.

ಸುಮಂಗಲಾ ಎರಡು ಮಾತು ಬರೆದುಕೊಟ್ಟಿದ್ದಳು. ಗಾಳಿ ಊದುತ್ತಿರುವಾಗ 'ಒಣಗುತ್ತಿದೆ'. ಒಣಗಿ ಗಾಳಿ ನಿಂತ ಮೇಲೆ 'ಒಣಗಿದೆ'. ಎರಡನೆಯದು ಹೇಗೋ ಹಿಡಿಸಿತು. ಮೊದಲನೆಯದು ಹಿಡಿಸಲಿಲ್ಲ. ಐದು ಅಕ್ಷರ, ಅದರಲ್ಲೊಂದಕ್ಕೆ ಗುಡಿಸು, ಕೆಳಗೆ ಒತ್ತು. ಎರಡು ಇಟ್ಟಿಗೆಗೆ ಒಂದು ಚೌಕವಾದರೆ ಎಂಬತ್ತು ಮನೆಯಲ್ಲಿ ಸಿಗುವುದು ನಲವತ್ತೇ ಚೌಕ. ಅಷ್ಟರಲ್ಲಿ ಐದಕ್ಷರ ತುರುಕಿದರೆ ದೂರದಿಂದ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

"ಅರ್ಧ ಇಟ್ಟಿಗಿನೂ ಅದಾವ ಅಣ್ಣಾ," ಎಂದಳು ಸುಮಂಗಲಾ. "ಮನಿಯೊಳಗ ಮ್ಯಾಲಿನ ಅರ್ಧ, ಕೆಳಗಿನ ಅರ್ಧ ಬ್ಯಾರೆ ಬ್ಯಾರೆ ತುಂಬಬಹುದು. ಅವನ್ನ ಹಚ್ಚಿದ್ರ ಎಂಬತ್ತೂ ಮನಿ ಸಿಗತಾವ. ಸ್ವಲ್ಪ ಗಿಜಿಗಿಜಿ ಕೆಲಸ."

"ಅರ್ಧಮರ್ಧ ಕೆಲಸ ನಾ ಮಾಡೋನಲ್ಲ," ಎಂದೆ.

ಹೇಳುವುದಕ್ಕೆ ಅದು ಚೆನ್ನಾಗಿತ್ತು. ನಿಜ ಬೇರೆ. ನನಗೆ ದಪ್ಪ ಅಕ್ಷರ ಬೇಕಾಗಿತ್ತು. ಪರದೆ ಹೊತ್ತಿಕೊಂಡರೆ ಮಿಲ್ಲಿನ ಅಂಗಳದವರೆಲ್ಲ ತಿರುಗಿ ನೋಡಬೇಕು ಎಂಬ ಆಸೆ. ಬೋರ್ಡಿಗೆ ಮಾತು ಹಿಡಿಸದಿದ್ದರೆ ಮಾತನ್ನೇ ಕತ್ತರಿಸುವುದು ನಮ್ಮ ರೂಢಿ. ಸ್ವಿಚ್ ಬೋರ್ಡುಗಳ ಮೇಲೆ ನಾನು ನೂರಾರು ಸಲ ಬರೆದ ಎರಡು ಮಾತು ಕೈಗೆ ಬಂದವು. ಹಸಿರಿನಲ್ಲಿ 'ಚಾಲು'. ಕೆಂಪಿನಲ್ಲಿ 'ಬಂದ್'. ಎರಡೆರಡೇ ಅಕ್ಷರ, ಪರದೆ ತುಂಬ ಆನೆಯ ಹಾಗೆ ಕೂತವು. ಬೋರ್ಡಿನ ಮೂಲೆಯಲ್ಲಿ ಪೇಂಟರ್ ಸಣ್ಣದಾಗಿ ಹೆಸರು ಹಾಕುತ್ತಾನಲ್ಲ, ಹಾಗೆ ಬಲಮೂಲೆಯಲ್ಲಿ ಹಳದಿ ಬಣ್ಣದಲ್ಲಿ 'ಬಸು' ಎಂದು ನನ್ನ ಹೆಸರನ್ನೂ ಕಟ್ಟಿದೆ.

ಆ ಸಂಜೆ ಸುಮಂಗಲಾ ಕೊಟ್ಟಿದ್ದ ಲ್ಯಾಪ್‌ಟಾಪನ್ನು ಮನೆಗೆ ತಂದು, ಅವಳು ಕೆಲಸದಿಂದ ಬರುವ ಮುಂಚೆಯೇ ಹೆಂಡತಿ ಲಕ್ಷ್ಮೀದೇವಿಗೆ ತೋರಿಸಿದೆ. ಅವಳ ತವರು ಆದೋನಿ ಕಡೆ. ಓದಿದ್ದು ತೆಲುಗು ಶಾಲೆಯಲ್ಲಿ. ಸೊಪ್ಪು ಬಿಡಿಸುತ್ತ ಕೂತವಳು ಕತ್ತೆತ್ತಿ ನೋಡಿ ಪಕ್ಕನೆ ನಕ್ಕಳು.

"ಏನ್ರೀ ಇದು, ಯಾರಿಗೆ ಸಾಕು ಸಾಕು ಅಂತ ಹೇಳಾಕತ್ತೀರಿ?"

"ಎಲ್ಲಿ ಸಾಕು? ಚಾಲು ಅಂತ ಬರದೀನಿ."

"ಅದೇ ಮತ್ತ. ತೆಲುಗಿನ್ಯಾಗ ಓದಿದ್ರ ಸಾಕು ಅಂತ ಆತಲ್ಲ. ಊಟಕ್ಕ ಬಡಸುವಾಗ ನಮ್ಮಪ್ಪ ಕೈ ಅಡ್ಡ ಹಿಡದು ಅಂತಿದ್ನಲ್ಲ, ಚಾಲು ಚಾಲು ಅಂತ."

ಬಳ್ಳಾರಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ಕನ್ನಡದವರ ಬಾಯಲ್ಲಿ ಚಾಲು ಎಂದರೆ ನಡೆಯುತ್ತಿದೆ ಎಂದು. ತೆಲುಗಿನಲ್ಲಿ ಅದೇ ಚಾಲು ಎಂದರೆ ಸಾಕು, ನಿಲ್ಲಿಸು ಎಂದು. ಕನ್ನಡದ ಚಾ, ಲು ಅಚ್ಚಿನಲ್ಲೂ ತೆಲುಗಿನ ಹಾಗೆಯೇ ಕಾಣುತ್ತವೆ. ಇಟ್ಟಿಗೆಯಲ್ಲಿ ಕಟ್ಟಿದಾಗ ಇದ್ದ ಎಳೆಯಷ್ಟು ವ್ಯತ್ಯಾಸವೂ ಹೋಗಿತ್ತು. ಅದನ್ನು ಅವಳ ಕಣ್ಣು ಒಂದೇ ನೋಟಕ್ಕೆ ಹಿಡಿಯಿತು. ನಾನು ಅದನ್ನು ನಗೆಮಾತು ಎಂದು ತಳ್ಳಿಹಾಕಿದೆ. ಮೂರು ರಾತ್ರಿ ಕಟ್ಟಿದ ಅಕ್ಷರ ಒಡೆಯಲು ಮನಸ್ಸು ಬರಲಿಲ್ಲ.

ಮರುದಿನ ಸುಮಂಗಲಾ ನೋಡಿದಳು. ಅಂದೇ ಸಿರುಗುಪ್ಪಕ್ಕೆ ಹೊರಟಿದ್ದಳು, ಅವಸರ ಇತ್ತು.

"ಚಂದ ಬಂದೈತಿ ಅಣ್ಣಾ. ಆದ್ರ ನಾ ಕೊಟ್ಟ ಮಾತು ಇದಲ್ಲಲ?"

"ನಿನ್ನ ಮಾತು ಹಿಡಸಂಗಿಲ್ಲ ತಂಗಿ. ಬೋರ್ಡಿನ ವಿಷಯ ನನಗ ಬಿಡು."

"ಯಾರಿಗರ ಓದಿಸಿ ನೋಡಿದ್ಯಾ?"

"ಹ್ಞೂ, ನಿಮ್ಮ ಅತ್ತಿಗಿಗೆ ತೋರಿಸೀನಿ. ಭಾಳ ಚಲೋ ಐತಿ ಅಂದ್ಲು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವಳು ತಲೆಯಾಡಿಸಿ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡಳು.

ಪರದೆ ಹಾಕಿದ ದಿನ ನನ್ನನ್ನೂ ಕರೆದೊಯ್ದಿದ್ದಳು. ನಾನು ಬಯಸಿದ್ದೆಲ್ಲ ಆಯಿತು. ಹಸಿರು 'ಚಾಲು' ಹೊತ್ತಿಕೊಂಡಾಗ ಹಮಾಲರು ಚೀಲ ಹೊತ್ತುಕೊಂಡೇ ನಿಂತು ನೋಡಿದರು. ಮಿಲ್ಲಿನ ಸಾವ್ಕಾರರು ಅಂಗಳದ ಆ ತುದಿಯವರೆಗೆ ನಡೆದುಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, "ಇಲ್ಲಿಗೂ ಕಾಣತೈತಲೇ!" ಎಂದು ಕೂಗಿದರು. ಬಂದವರೇ ನನ್ನ ಬೆನ್ನು ತಟ್ಟಿ, "ಬಸಣ್ಣ, ನಮ್ಮ ಗೇಟಿನ ಕಮಾನಿಗೂ ನೀನೇ ಬರೀಬೇಕು. ಫ್ಲೆಕ್ಸ್ ಬ್ಯಾಡ, ಕೈಲೇ ಬರಿ," ಎಂದರು. ಕುಂಚದ ಕೆಲಸ, ಅದೂ ಹೆದ್ದಾರಿಗೆ ಮುಖ ಮಾಡಿದ ಕಮಾನು. ಸುಮಂಗಲಾ ಕಂಪ್ಯೂಟರ್ ಇಟ್ಟಿದ್ದ ಪ್ಯಾನೆಲ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ನಗುತ್ತಿದ್ದಳು. ಅವಳ ಕಂಪ್ಯೂಟರನ್ನು ಹೊಗಳಿದವರು ಯಾರೂ ಇರಲಿಲ್ಲ. ಅವಳಿಗೆ ಅದರ ಬೇಸರವೂ ಇರಲಿಲ್ಲ.

ಹತ್ತು ಹನ್ನೆರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಡ್ರೈಯರ್ ನೋಡಿಕೊಳ್ಳುತ್ತಿದ್ದ ಇಬ್ಬರೂ ಕನ್ನಡ ಓದಿದವರು. ಅವರಲ್ಲೊಬ್ಬ ರಜೆ ಹಾಕಿ ಊರಿಗೆ ಹೋದ. ಅವನ ಜಾಗಕ್ಕೆ ನರಸಿಂಹುಲು ಎಂಬ ಹಿರಿಯರು ಬಂದರು. ಆದೋನಿ ಕಡೆಯ ಹಳ್ಳಿಯವರು, ಪ್ರತಿ ಸುಗ್ಗಿಗೂ ಸಿರುಗುಪ್ಪದ ಯಾವುದಾದರೂ ಮಿಲ್ಲಿನಲ್ಲಿ ದುಡಿಯುವವರು. ಅವರು ಬಂದ ಮರುದಿನವೇ ಬೆಳಿಗ್ಗೆ ಸುಮಂಗಲಾಗೆ ಫೋನು ಬಂತು. ಡ್ರೈಯರಿನ ನೆಲ್ಲು, ಅಂದರೆ ಭತ್ತ, ಕುದ್ದಿದೆ, ಕೂಡಲೇ ಬರಬೇಕು.

"ಅಣ್ಣಾ, ನನ್ನ ಜೋಡಿ ಬಾ," ಎಂದಳು. ಬಸ್ಸಿನಲ್ಲಿ ಸಿರಿಗೇರಿ ಕ್ರಾಸ್ ದಾಟುವವರೆಗೂ ಅದೊಂದೇ ಮಾತು. "ಹದ ನೋಡೋ ಸೆನ್ಸರ್ ಕೆಟ್ಟಿರಬೇಕು. ಇಲ್ಲಂದ್ರ ನಾನೇ ಪ್ರೋಗ್ರಾಂನ್ಯಾಗ ಎಲ್ಲೋ ತಪ್ಪೀನಿ. ಎಲ್ಲಿ ತಪ್ಪಿದ್ನೋ ಗೊತ್ತಾಗವಲ್ದು." ಬೆರಳ ಉಗುರು ಕಚ್ಚಿಕೊಳ್ಳುತ್ತಿದ್ದಳು. ನನಗೆ ಆಗ ಏನೂ ಹೊಳೆದಿರಲಿಲ್ಲ. ಇದೊಂದು ಮಾತನ್ನು ನಂಬಿ.

ಮಿಲ್ಲಿನ ಅಂಗಳದಲ್ಲಿ ಕಾಲಿಡುವಾಗಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಗೂಡಿನ ಭತ್ತವನ್ನು ಕೆಳಗೆ ಸುರಿದು ಹರಡಿದ್ದರು. ಸಾವ್ಕಾರರು ಒಂದು ಹಿಡಿ ಎತ್ತಿ ಸುಮಂಗಲಾಳ ಅಂಗೈಗೆ ಹಾಕಿದರು. "ನೋಡವ್ವ, ಹೆಂಗ ಸುಡತೈತಿ." ಸಿಪ್ಪೆ ಬಿಡಿಸಿದರೆ ಅಕ್ಕಿ ಅರಿಶಿನ ಹಚ್ಚಿದ ಹಾಗಿತ್ತು. ಪಕ್ಕದಲ್ಲಿ ನರಸಿಂಹುಲು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದರು.

"ಬ್ಲೋವರ್ ಯಾರು ಆರಿಸಿದ್ದು ಕೇಳು ಈ ಮುದುಕನ್ನ," ಎಂದರು ಸಾವ್ಕಾರರು.

"ನಾನೇ ಆರಿಸೀನಮ್ಮ," ಎಂದರು ನರಸಿಂಹುಲು. "ಮಿಷನ್ನೇ ಚಾಲು ಅಂತ ಬರದಿತ್ತು, ಅಷ್ಟು ದೊಡ್ಡದಾಗಿ, ಹಸರಾಗಿ. ಸಾಕು ಅಂದ ಮ್ಯಾಲ ಇನ್ನೂ ಗಾಳಿ ಬಿಟ್ರ ನೆಲ್ಲು ಒಡದು ನುಚ್ಚಾಗತೈತಿ, ಸಾವ್ಕಾರ್ರಿಗೆ ನುಕ್ಸಾನ ಅಂತ ಸ್ವಿಚ್ ತಗದೆ."

"ಚಾಲು ಅಂದ್ರ ಚಾಲು ಅಲ್ಲೇನಲೇ? ಇಷ್ಟು ವರ್ಷ ಸಿರುಗುಪ್ಪದ ನೀರು ಕುಡದೀಯಲ್ಲ!"

"ಬಾಯಿಲೇ ಅಂದ್ರ ನನಗೂ ತಿಳೀತೈತ್ರಿ. ಬರದಿದ್ದು ಕಂಡ್ರ ನನ್ನ ಕಣ್ಣಿಗೆ ತೆಲುಗೇ ಬರತೈತಿ. ನಾ ಕಲ್ತಿದ್ದು ಅದೊಂದೇ. ಆರಿಸಿದ ಮ್ಯಾಲ ಕೆಂಪಗ ಬಂದ್ ಅಂತ ತೋರಿಸ್ತು. ಸರಿ, ಮಿಷನ್ನೂ ಒಪ್ಪಿಕೊಂತು ಅಂದ್ಕೊಂಡೆ."

ಹಮಾಲರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿಯಲ್ಲಿ ಲಕ್ಷ್ಮೀದೇವಿಯ ನಗು ಕೇಳಿಸಿತು.

ಸಾವ್ಕಾರರು ಪ್ಯಾನೆಲ್ ರೂಮಿನ ಕಡೆ ಕೈ ಮಾಡಿದರು. ಬಾಗಿಲು ತೆರೆದಿತ್ತು. ಪರದೆಯ ಮೇಲೆ ಕೆಂಪು 'ಬಂದ್', ಅದರ ಮೂಲೆಯಲ್ಲಿ ಹಳದಿ 'ಬಸು'.

"ಈ ಮಾತು ಇಟ್ಟೋರು ಯಾರು?" ಎಂದು ನನ್ನ ಮುಖ ನೋಡಿದರು.

ನಾನು ಹೇಳಬೇಕಾದದ್ದು ಎರಡೇ ಪದ. ನಾನು, ಸಾವ್ಕಾರ್ರ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆ ಅಂಗಳದಲ್ಲೇ ನನ್ನ ಬೆನ್ನು ತಟ್ಟಿದ್ದರು, ಚೀಲ ಹೊತ್ತವರು ನಿಂತು ನೋಡಿದ್ದರು. ಗೇಟಿನ ಕಮಾನಿಗೆ ಬಿಳಿ ಬಣ್ಣ ಬಳಿದು ನನಗಾಗಿ ಕಾಯುತ್ತಿದ್ದರು. ಬಾಯಿ ತೆರೆದೆ. ಇಷ್ಟು ವರ್ಷ ರೂಢಿಯಾದ ಮಾತೇ ಹೊರಗೆ ಬಂತು.

"ನಮ್ದೇನೈತ್ರಿ ಸಾವ್ಕಾರ್ರ. ಅವ್ರು ಏನ್ ಕೊಡ್ತಾರೋ ಅದನ್ನ ಬರೀತೀವಿ."

ಸುಮಂಗಲಾ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎನ್ನುವ ಹಾಗೆ ನೋಡಿದಳು. ಆಮೇಲೆ ಅಂಗೈಯ ಭತ್ತವನ್ನು ನಿಧಾನವಾಗಿ ರಾಶಿಗೆ ಸುರಿದಳು.

"ಹೌದ್ರಿ. ಮಾತು ನಂದು," ಎಂದಳು. "ತೆಲುಗು ಓದೋರು ಇರತಾರ ಅಂತ ನಾ ವಿಚಾರ ಮಾಡಬೇಕಿತ್ತು. ನರಸಿಂಹುಲು ಮಾಮಂದು ಏನೂ ತಪ್ಪಿಲ್ರಿ. ಅವ್ರನ್ನ ಕೆಲಸದಿಂದ ತಗೀಬ್ಯಾಡ್ರಿ."

ನರಸಿಂಹುಲು ಕೆಲಸ ಉಳಿಯಿತು. ಸಾವ್ಕಾರರು ಕಂಪನಿಗೆ ಫೋನು ಮಾಡಿ ಕೂಗಾಡಿದರು. ಮಾರನೆಯ ದಿನ ಕಂಪನಿಯವರು ಸುಮಂಗಲಾಗೆ ಇನ್ನು ಬರುವುದು ಬೇಡ ಎಂದರು.

ಅಂದು ಮಿಲ್ಲಿನಿಂದ ಬರುವಾಗ ಬಸ್ಸಿನಲ್ಲಿ ಅವಳು ಅಂಗೈಗೆ ಅಂಟಿದ ಭತ್ತದ ಧೂಳನ್ನು ಉಜ್ಜಿಕೊಳ್ಳುತ್ತ ಕೂತಿದ್ದಳು. ಅವಳು ಕೊಟ್ಟ ಮಾತು ಹಿಡಿಸದೆ ನಾನು ಬೇರೆ ಮಾತು ಹಾಕಿದ್ದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಒಪ್ಪಿದ್ದಳು, ಹಾಗಾಗಿ ತನ್ನ ಪಾಲೂ ಇದೆ ಎಂದುಕೊಂಡಿದ್ದಳೇನೋ. ಗೊತ್ತಿಲ್ಲದ್ದು ಇನ್ನೊಂದಿತ್ತು. ಅದು ಮನೆಯ ಬಾಗಿಲಲ್ಲಿ ಕಾಯುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತು ನಡೆದದ್ದನ್ನು ಹೇಳಿದೊಡನೆ ಲಕ್ಷ್ಮೀದೇವಿ ಹಣೆ ಬಡಿದುಕೊಂಡಳು.

"ನಾ ಅವತ್ತೇ ಹೇಳಿದ್ನಲ್ರೀ ನಿಮಗ! ಸಾಕು ಅಂತ ಆಗತೈತಿ ಅಂತ!"

ಸುಮಂಗಲಾ ಚಪ್ಪಲಿ ಬಿಡುತ್ತಿದ್ದಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಹಾಗೇ ನಿಂತು ಅತ್ತಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಚಲೋ ಐತಿ ಅಂದ್ಲು ಅಂದಿದ್ಯಲ್ಲಣ್ಣ," ಎಂದಳು. ಮೆಲ್ಲಗೆ ಅಂದಳು.

ವಾರದೊಳಗೆ ಅವಳು ಕುರುಗೋಡಿಗೆ, ನಮ್ಮ ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಲು ಕೂತಳು. ಡ್ರೈಯರಿಗೆ ಹದ ಕಲಿಸಿದ ಕೈ ಆಧಾರ್ ಕಾರ್ಡಿನ ಎರಡೂ ಮಗ್ಗುಲು ಒಂದೇ ಹಾಳೆಗೆ ತರುತ್ತ ಕೂತಿದ್ದನ್ನು ನಾನು ಒಮ್ಮೆ ರಸ್ತೆಯ ಆ ಬದಿಯಿಂದ ನೋಡಿದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಹಾಗೇ ಬಸ್ ಹತ್ತಿ ಬಂದೆ. ಇದೂ ಹೇಳಬೇಕಾದ ವಿಷಯವೇ: ಆ ಹೊತ್ತಿಗೆ ನಾನು ಮಿಲ್ಲಿನ ಕಮಾನನ್ನು ಬರೆದು ಮುಗಿಸಿದ್ದೆ. ಮೂಲೆಯಲ್ಲಿ ಹೆಸರನ್ನೂ ಹಾಕಿದ್ದೆ.

ಮರುವರ್ಷದ ಸುಗ್ಗಿಗೆ ಮುಂಚೆ ನಾನೇ ಸಿರುಗುಪ್ಪಕ್ಕೆ ಹೋದೆ. ಸಾವ್ಕಾರರ ಮುಂದೆ ನಿಂತು ಎಲ್ಲ ಹೇಳಿದೆ. ಮಾತು ನನ್ನದು, ತಂಗಿ ಕೊಟ್ಟದ್ದು ಬೇರೆ, ನನಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು ಎಂದೆ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಯಾವುದೋ ಚೆಕ್ಕಿಗೆ ಸಹಿ ಹಾಕುತ್ತಿದ್ದರು, ಪೆನ್ನು ಕೆಳಗಿಟ್ಟರು.

"ಯಾವ್ದು, ಆ ಡ್ರೈಯರಿನ ವಿಷಯ? ನನಗ ಮರತೇ ಹೋಗಿತ್ತಲ್ಲೋ ಬಸಣ್ಣ. ಅವತ್ತೇ ಹೇಳಬೇಕಿತ್ತು. ನಿನಗ ನಾಕು ಬೈತಿದ್ದೆ, ಅಷ್ಟ. ಹುಡುಗಿ ಕೆಲಸ ಉಳೀತಿತ್ತು." ಆಮೇಲೆ, "ಕುಂದ್ರು, ಚಾ ಕುಡಿ," ಎಂದರು.

ನಾಲ್ಕು ಬೈಗುಳ. ಅಷ್ಟೇ ಇದ್ದದ್ದು ಅದರ ಬೆಲೆ. ಅದನ್ನು ಕೊಡಲಾರದೆ ನಾನು ತಂಗಿಯನ್ನು ಮುಂದೆ ತಳ್ಳಿದ್ದೆ. ಅಲ್ಲಿಂದ ಹೊರಗೆ ಬರುವಾಗ ಗೇಟಿನ ಕಮಾನನ್ನು ಕತ್ತೆತ್ತಿ ನೋಡಲಿಲ್ಲ.

ಅಲ್ಲಿ ಹೇಳಿ ಬಂದೆನೆಂದು ಕುರುಗೋಡಿಗೆ ಹೋಗಿ ಸುಮಂಗಲಾಗೆ ತಿಳಿಸಿದೆ. ಅವಳು ಜೆರಾಕ್ಸ್ ಮಷೀನಿಗೆ ಹಾಳೆ ತುಂಬುತ್ತಿದ್ದಳು.

"ಹೇಳಿ ಬಂದ್ಯಾ? ಚಲೋ ಆತು. ನಿನಗ ಹಗುರಾಗಿರಬೇಕು," ಎಂದಳು. ಚಹ ತರಿಸಿದಳು. ಊಟ ಮಾಡಿ ಹೋಗು ಎನ್ನಲಿಲ್ಲ.

ಅವಳಿಗೆ ಮತ್ತೆ ದಾರಿ ಮಾಡಿಕೊಟ್ಟವರು ನರಸಿಂಹುಲು. ಆ ಸುಗ್ಗಿಯಲ್ಲಿ ಅವರು ದುಡಿಯುತ್ತಿದ್ದ ಬೇರೊಂದು ಮಿಲ್ಲಿನ ಡ್ರೈಯರ್ ಕೆಟ್ಟಾಗ, ಕುರುಗೋಡಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಕರೆಸಿರಿ ಎಂದು ಅಲ್ಲಿಯವರಿಗೆ ಹೇಳಿದರಂತೆ. ಅದನ್ನು ಸರಿಮಾಡಿದಳು. ಈಗ ಯಾವ ಕಂಪನಿಯೂ ಇಲ್ಲದೆ ತಾನೇ ಕೆಲವು ಮಿಲ್ಲುಗಳನ್ನು ನೋಡಿಕೊಳ್ಳುತ್ತಾಳೆ. ಇದರಲ್ಲಿ ನನ್ನ ಪಾಲು ಏನೂ ಇಲ್ಲ.

ಹೋದ ಸುಗ್ಗಿಗೆ ಮುಂಚೆ ಒಂದು ದಿನ ಅವಳೇ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಹೇಳಿದಳು.

"ಅದೇ ಕೆಲಸ. ಕರಿ ಪರದಿ. ಬ್ಯಾರೆ ಯಾರ ಕೈಲೂ ಬರವಲ್ದು. ಅದಕ್ಕ ಬಂದೀನಿ."

"ಮಾತು?" ಎಂದೆ.

"ಅವತ್ತು ಕೊಟ್ಟಿದ್ದೇ. ಒಣಗುತ್ತಿದೆ. ಅದರ ಕೆಳಗ ಅದೇ ಮಾತು ತೆಲುಗಿನ್ಯಾಗ. ಅತ್ತಿಗಿ ಬರದು ಕೊಡತಾಳ."

ಅರ್ಧ ಇಟ್ಟಿಗೆಗಳನ್ನು ಆಗ ಕಲಿತೆ. ಒಂದು ಮನೆಯ ಮೇಲಿನ ಅರ್ಧ, ಕೆಳಗಿನ ಅರ್ಧ. ಕಣ್ಣಿಗೆ ತ್ರಾಸು, ಒಂದು ಅರ್ಧ ತಪ್ಪಿದರೆ ಇಡೀ ಅಕ್ಷರ ಕುಂಟುತ್ತದೆ. ಆದರೆ ಎಂಬತ್ತೂ ಮನೆ ಕೈಗೆ ಸಿಗುತ್ತವೆ, ಸಾಲುಗಳು ಎರಡರಷ್ಟಾಗುತ್ತವೆ. ಐದು ಅಕ್ಷರ ಹಿಡಿಸಿತು. ತ್ತಿಯ ಒತ್ತು ಹಿಡಿಸಿತು. ಕೆಳಗೆ ತೆಲುಗೂ ಹಿಡಿಸಿತು. ಅವತ್ತೂ ಹಿಡಿಸುತ್ತಿತ್ತು. ನಾಲ್ಕು ದಿನ ಹೆಚ್ಚು ಕೂತಿದ್ದರೆ, ಅಕ್ಷರ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ ಎಂದಿದ್ದರೆ, ಎಲ್ಲ ಹಿಡಿಸುತ್ತಿತ್ತು.

ಮುಗಿದ ಮೇಲೆ ಸುಮಂಗಲಾಳ ಮುಂದೆ ಲ್ಯಾಪ್‌ಟಾಪ್ ತೆರೆದು, ಅವಳ ಎದುರಿಗೇ ಲಕ್ಷ್ಮೀದೇವಿಯಿಂದ ಗಟ್ಟಿಯಾಗಿ ಓದಿಸಿದೆ. ಫೋನಿನಲ್ಲಿ ಚಿತ್ರ ಕಳಿಸಿ ನರಸಿಂಹುಲು ಅವರಿಂದಲೂ ಓದಿಸಿದೆ. "ಈ ಸಲ ಸಾಕು ಅನ್ನಂಗಿಲ್ಲಪ್ಪ ನಿನ್ನ ಮಿಷನ್ನು," ಎಂದು ಅವರು ನಕ್ಕರು. ಸುಮಂಗಲಾ ನಗಲಿಲ್ಲ. ಪರದೆಯ ಬಲಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ ಖಾಲಿ ಇತ್ತು.

"ನಿನ್ನ ಹೆಸರು ಎಲ್ಲೈತಿ?"

"ಬ್ಯಾಡ ತಂಗಿ. ಹೆಸರು ಹಾಕೋ ಮುಖ ನನಗಿಲ್ಲ. ಅದನ್ನ ಬಿಟ್ಟೀನಿ."

"ಹಾಕು," ಎಂದಳು. "ನಾಳೆ ಏನರ ಆದ್ರ ಯಾರನ್ನ ಕೇಳಬೇಕಂತ ಅಂಗಳದಾಗ ನಿಂತೋರಿಗೆ ಗೊತ್ತಿರಲಿ."

ನಾನು ಕೂತು ಅರ್ಧ ಇಟ್ಟಿಗೆಗಳಲ್ಲಿ 'ಬಸು' ಎಂದು ಕಟ್ಟಿದೆ. ಹೊಗಳಿಕೆ ತಲುಪಲಿ ಎಂದು ಇಷ್ಟು ವರ್ಷ ಮೂಲೆಯಲ್ಲಿ ಹಾಕುತ್ತಿದ್ದ ಹೆಸರು ನಿಜಕ್ಕೂ ಇರುವುದು ಯಾವುದಕ್ಕೆ ಎಂದು ಈ ಕಸುಬು ನನಗೆ ಇಷ್ಟು ತಡವಾಗಿ ಕಲಿಸಿತು. ಅವಳು ಬಗ್ಗಿ ನೋಡಿ, ದೂರದಿಂದ ಕಾಣುವುದಿಲ್ಲ, ಇನ್ನೂ ಸ್ವಲ್ಪ ದೊಡ್ಡದು ಮಾಡು ಎಂದಳು. ಮಾಡಿದೆ.